ಆಳ ತೋಡು, ಒಡ್ಡು ತಗ್ಗಿಸು

ಚೀನಾದ ಪ್ರಾಚೀನ ತಾವೋ ಗ್ರಂಥಗಳಲ್ಲಿ ಒಂದಾದ ಚುವಾಂಗ್‌ತ್ಸು ಗ್ರಂಥದ ನಾಲ್ಕನೇ ಅಧ್ಯಾಯದಲ್ಲಿ ಕುದುರೆ ಎಂದರೆ ಪ್ರಾಣ ಬಿಡುವ ಒಬ್ಬ ಮನುಷ್ಯ ಬರುತ್ತಾನೆ. ಅದರ ಲದ್ದಿಯನ್ನು ಚೆಂದದ ಬುಟ್ಟಿಯಲ್ಲಿ ಹಿಡಿಯುತ್ತಾನೆ, ಉಚ್ಚೆಯನ್ನು ಚಿಪ್ಪಿನಲ್ಲಿ. ಒಂದು ದಿನ ಕುದುರೆಯ ಮೈಮೇಲೆ ಸೊಳ್ಳೆ ಕೂತದ್ದು ಕಂಡು ಫಟ್ಟನೆ ಹೊಡೆಯುತ್ತಾನೆ. ಹೊಡೆದ ಹೊತ್ತು ಸರಿಯಿಲ್ಲ. ಕುದುರೆ ಬೆಚ್ಚಿ ಕಡಿವಾಣ ಕಿತ್ತುಕೊಳ್ಳುತ್ತದೆ, ತಲೆ ಎದೆಗೆಲ್ಲ ಗಾಯವಾಗುತ್ತದೆ. ಉದ್ದೇಶ ಒಳ್ಳೆಯದೇ ಇತ್ತು, ಪ್ರೀತಿಯೇ ಕೆಡಿಸಿತು, ಹುಷಾರಾಗಿರಬೇಡವೇ ಎಂದು ಕೇಳಿ ಕಥೆ ಅಲ್ಲಿಗೆ ನಿಲ್ಲುತ್ತದೆ.

ಇದು ಧ್ಯಾನಕ್ಕೆ ಕೂತವರಿಗೆ ಹೇಳಿದ ಕಥೆಯಲ್ಲ. ಯಾನ್ ಹೆ ಎಂಬವನಿಗೆ ವೇ ರಾಜ್ಯದ ಯುವರಾಜನಿಗೆ ಪಾಠ ಹೇಳುವ ಕೆಲಸ ಸಿಕ್ಕಿದೆ. ಹುಡುಗ ಹುಟ್ಟಾ ಕ್ರೂರಿ. ಬೇರೆಯವರ ತಪ್ಪು ಹುಡುಕುವಷ್ಟು ಬುದ್ಧಿ ಇದೆ, ತನ್ನದನ್ನು ಕಾಣುವಷ್ಟಿಲ್ಲ. ಅವನನ್ನು ಅವನ ಪಾಡಿಗೆ ಬಿಟ್ಟರೆ ದೇಶಕ್ಕೆ ಅಪಾಯ, ತಿದ್ದಲು ಹೋದರೆ ಮೇಷ್ಟ್ರ ತಲೆಗೇ ಅಪಾಯ. ಏನು ಮಾಡಲಿ ಎಂದು ಛ್ಯು ಬೊಯು ಎಂಬ ಹಿರಿಯ ಮಂತ್ರಿಯನ್ನು ಕೇಳುತ್ತಾನೆ. ಕುದುರೆಯ ಕಥೆ ಆ ಉತ್ತರದ ಒಂದು ಭಾಗ. ಕ್ರಿ.ಪೂ. 475ರಿಂದ 221ರವರೆಗಿನ ಕಾದಾಡುವ ರಾಜ್ಯಗಳ ಕಾಲದಲ್ಲಿ ದೊರೆಗೆ ಬುದ್ಧಿ ಹೇಳುವುದೆಂದರೆ ಕೊರಳು ಒಡ್ಡುವುದೇ ಆಗಿತ್ತು. ತಾವೋ ಗ್ರಂಥಗಳು ಆ ಕಾಲದವು. ಕೋಪಿಷ್ಠ ಯಜಮಾನರು, ಹಟಮಾರಿ ಮಕ್ಕಳು, ಮುರಿದು ಬೀಳಲಿರುವ ಸಂಬಂಧಗಳು ಇವೆಲ್ಲ ಅವಕ್ಕೆ ದಿನನಿತ್ಯದ ಸಾಮಗ್ರಿ.

ಮೊಬೈಲಿನಲ್ಲಿ ಓಡಾಡುವ ಲಾವೋತ್ಸು ಬೇರೆಯೇ ಮನುಷ್ಯ. ‘ಖಿನ್ನತೆಯಿದ್ದರೆ ನೀವು ಭೂತಕಾಲದಲ್ಲಿದ್ದೀರಿ, ಆತಂಕವಿದ್ದರೆ ಭವಿಷ್ಯದಲ್ಲಿದ್ದೀರಿ’ ಎಂಬ ಮಾತನ್ನು ಅವನ ಹೆಸರಲ್ಲಿ ಎಷ್ಟು ಜನ ಫಾರ್ವರ್ಡ್ ಮಾಡಿದ್ದಾರೋ ಲೆಕ್ಕವಿಲ್ಲ. ಅವನದೆನ್ನುವ ತಾವೋ ತೆ ಚಿಂಗ್ ಗ್ರಂಥದ 81 ಅಧ್ಯಾಯಗಳಲ್ಲಿ ಅದು ಎಲ್ಲಿಯೂ ಇಲ್ಲ. ಗ್ರಂಥದ ಗಾತ್ರವೇ ಸುಮಾರು 5,000 ಅಕ್ಷರ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರ ಸಮಾಧಿಯೊಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ಎರಡು ಪ್ರತಿಗಳು ಸಿಕ್ಕವು. 1993ರಲ್ಲಿ ಹುಬೇ ಪ್ರಾಂತ್ಯದ ಗುವೊದಿಯಾನ್‌ನಲ್ಲಿ ಇನ್ನೂ ಹಳೆಯ, ಸುಮಾರು ಕ್ರಿ.ಪೂ. 300ರ ಬಿದಿರು ಪಟ್ಟಿಗಳು ಸಿಕ್ಕವು. ರೇಷ್ಮೆ ಪ್ರತಿಗಳಲ್ಲಿ ‘ತೆ’ (ಗುಣ) ಭಾಗವೇ ಮೊದಲು, ‘ತಾವೋ’ (ದಾರಿ) ಭಾಗ ಆಮೇಲೆ. ನಿಗೂಢ ಮಾತಿಗಿಂತ ಮುಂಚೆ ನಡವಳಿಕೆಯ ಮಾತು. ದಿನಬಳಕೆಗೆ ಓದುವವರು ಈ ಕ್ರಮದಲ್ಲಿ, ಅಂದರೆ 38ನೇ ಅಧ್ಯಾಯದಿಂದ ಶುರು ಮಾಡುವುದೇ ವಾಸಿ.

ಛ್ಯು ಬೊಯು ಕೊಟ್ಟ ಸಲಹೆಗೆ ಬರೋಣ. ಹೊರಗೆ ಅವನ ಜೊತೆ ಹೆಜ್ಜೆ ಹಾಕು, ಒಳಗೆ ಸಮಾಧಾನವಾಗಿರು ಎನ್ನುತ್ತಾನೆ. ಇಷ್ಟೇ ಆಗಿದ್ದರೆ ಇದು ಎಲ್ಲರೂ ಹೇಳುವ ಮಾತು. ಆದರೆ ಮುಂದಿನ ಸಾಲಿನಲ್ಲಿ, ಈ ಎರಡರಲ್ಲೂ ಅಪಾಯವಿದೆ ಎನ್ನುತ್ತಾನೆ. ಜೊತೆ ಹೆಜ್ಜೆ ಹಾಕುವುದು ಒಳಗೇ ಹೊಕ್ಕುಬಿಡುವುದಾಗಬಾರದು, ಒಳಗಿನ ಸಮಾಧಾನ ಹೊರಗೆ ಮೆರೆಯಬಾರದು. ಮೊದಲನೆಯದು ಅರ್ಥವಾಗುವುದು ಸುಲಭ. ಬಾಸ್ ಬೈಯುವಾಗ ಹೂಂಗುಟ್ಟುತ್ತಾ ಹೂಂಗುಟ್ಟುತ್ತಾ ಕೊನೆಗೆ ತಾನೂ ಜೂನಿಯರ್‌ಗಳ ಮೇಲೆ ಅದೇ ದನಿ ಎತ್ತುವವರನ್ನು ಯಾವ ಆಫೀಸಿನಲ್ಲಾದರೂ ನೋಡಬಹುದು.

ಎರಡನೆಯದು ಸೂಕ್ಷ್ಮ, ಮನೆಗಳಲ್ಲಿ ಹೆಚ್ಚು ಹಾನಿ ಮಾಡುವುದೂ ಅದೇ. ಹೆಂಡತಿ ಕೂಗಾಡುತ್ತಿದ್ದಾಳೆ. ಗಂಡ ಯೋಗ, ಉಸಿರಾಟ ಎಲ್ಲ ಕಲಿತವನು. ಮುಖದಲ್ಲಿ ಒಂದು ಗೆರೆಯೂ ಕದಲದಂತೆ, ತಗ್ಗಿದ ದನಿಯಲ್ಲಿ, ‘ನೋಡು, ನೀನು ಮೊದಲು ಶಾಂತವಾಗು, ಆಮೇಲೆ ಮಾತಾಡೋಣ’ ಎನ್ನುತ್ತಾನೆ. ಬೆಂಕಿಗೆ ತುಪ್ಪ. ಅವನ ಸಮಾಧಾನ ಈಗ ಒಂದು ಪದಕ, ಅವಳ ಸಿಟ್ಟು ಒಂದು ಕಾಯಿಲೆ. ‘ನನಗೆ ಹುಚ್ಚು ಅಂತೀರಾ?’ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುವುದು. ಸಮಾಧಾನ ಮೆರೆಯಬಾರದು ಎಂದರೆ ಮಾಡಬೇಕಾದ್ದೇನು? ಕೂತಿದ್ದರೆ ಎದ್ದು ನಿಲ್ಲಬಹುದು, ಟಿವಿ ಆರಿಸಬಹುದು, ಅವಳು ಹೇಳಿದ್ದರಲ್ಲಿ ಒಂದು ವಿಷಯವನ್ನು ಅವಳದೇ ಮಾತಲ್ಲಿ ತಿರುಗಿ ಹೇಳಬಹುದು: ‘ಅಮ್ಮ ಬರೋದನ್ನ ಎರಡು ದಿನ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ.’ ದನಿ ಅವಳದಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೆ ಸಾಕು, ಹತ್ತು ಮೆಟ್ಟಿಲು ಇಳಿಸಿದರೆ ಅದು ನಾಟಕವಾಗುತ್ತದೆ.

ಖಾಲಿ ದೋಣಿಯ ಪ್ರಸಿದ್ಧ ಕಥೆಯನ್ನೂ ಜನ ಹೀಗೇ ತಲೆಕೆಳಗು ಓದುತ್ತಾರೆ. ಹೊಳೆ ದಾಟುವಾಗ ಖಾಲಿ ದೋಣಿ ಬಂದು ಗುದ್ದಿದರೆ ಎಂಥ ಮುಂಗೋಪಿಗೂ ಸಿಟ್ಟು ಬರುವುದಿಲ್ಲ, ಅದರಲ್ಲಿ ಒಬ್ಬ ಕೂತಿದ್ದರೆ ಮೂರನೇ ಕೂಗಿಗೆ ಬೈಗುಳ ಶುರು. ಆದ್ದರಿಂದ ಎದುರಿನವರನ್ನು ಖಾಲಿ ದೋಣಿ ಎಂದುಕೊಳ್ಳಿ ಎಂಬುದು ಈಗಿನ ಉಪದೇಶ. ಮೂಲದಲ್ಲಿ, ಚುವಾಂಗ್‌ತ್ಸು ಗ್ರಂಥದ 20ನೇ ಅಧ್ಯಾಯದಲ್ಲಿ, ದೋಣಿ ಖಾಲಿ ಮಾಡಿಕೊಳ್ಳಬೇಕಾದವನು ಕೇಳುಗನೇ. ಗಂಡನನ್ನೋ ಅತ್ತೆಯನ್ನೋ ‘ಇವರೊಳಗೆ ಯಾರೂ ಇಲ್ಲ’ ಎಂದು ಅಂದುಕೊಳ್ಳುವುದು ಶಾಂತಿಯ ದಾರಿಯಂತೂ ಅಲ್ಲ.

ತಾವೋ ವಿಚಾರವನ್ನು ಅಳತೆ ಸಮೇತ ನೋಡಬೇಕೆಂದರೆ ಪುಸ್ತಕಕ್ಕಿಂತ ಒಂದು ನೀರಾವರಿ ಕಾಮಗಾರಿಯೇ ಉತ್ತಮ. ಸಿಚುವಾನ್‌ನಲ್ಲಿ ಮಿನ್ ನದಿ ಬೆಟ್ಟ ಇಳಿದು ಚೆಂಗ್ಡು ಬಯಲಿಗೆ ಬರುವ ಕಡೆ ದುಜಿಯಾಂಗ್‌ಯಾನ್ ಇದೆ. ಕ್ರಿ.ಪೂ. 256ರ ಸುಮಾರಿಗೆ ಛಿನ್ ರಾಜ್ಯದ ಅಧಿಕಾರಿ ಲಿ ಬಿಂಗ್ ಇದನ್ನು ಶುರು ಮಾಡಿದ. ಅವನು ತಾವೋ ಪಂಥದವನೆಂದು ಹೇಳುವುದು ಉತ್ಪ್ರೇಕ್ಷೆಯಾಗುತ್ತದೆ. ಪಕ್ಕದ ಛಿಂಗ್‌ಚೆಂಗ್ ಬೆಟ್ಟ ತಾವೋ ಧರ್ಮದ ಮೂಲಸ್ಥಾನಗಳಲ್ಲಿ ಒಂದು, ಯುನೆಸ್ಕೊ 2000ದಲ್ಲಿ ಎರಡನ್ನೂ ಒಟ್ಟಿಗೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ನೀರಿನ ಜೊತೆ ಹಟಕ್ಕೆ ಬೀಳದೆ ಕೆಲಸ ತೆಗೆಯುವುದು ಹೇಗೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಕಡೆ ಇನ್ನೊಂದಿಲ್ಲ.

ಅವನು ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲಿಲ್ಲ. ನದಿಯ ನಡುವೆ ಮೀನಿನ ಮೂತಿಯಂಥ ಒಂದು ದಿಬ್ಬ ಎಬ್ಬಿಸಿ ನೀರನ್ನು ಎರಡಾಗಿ ಸೀಳಿದ. ಒಳಗಿನ ಕವಲು ಆಳ, ಕಿರಿದು, ಹೊಲಗಳಿಗೆ ಹೋಗುವುದು. ಹೊರಗಿನದು ಅಗಲ, ಕಡಿಮೆ ಆಳ. ನೀರು ಕಡಿಮೆಯಿದ್ದಾಗ ಸುಮಾರು ಶೇಕಡಾ 60 ಭಾಗ ಆಳದ ಒಳಗವಲಿಗೇ ಇಳಿಯುತ್ತದೆ, ಪ್ರವಾಹ ಬಂದಾಗ ಲೆಕ್ಕ ತಿರುಗಿ 60 ಭಾಗ ಹೊರಗವಲಿಗೆ. ಬಾಗಿಲು ತೆರೆಯುವವರು, ಮುಚ್ಚುವವರು ಯಾರೂ ಬೇಕಿರಲಿಲ್ಲ, ತಳದ ಆಕಾರವೇ ಅದನ್ನು ಮಾಡುತ್ತಿತ್ತು. ಒಳಗವಲಿನ ಪಕ್ಕದಲ್ಲಿ ಬೇಕೆಂದೇ ತಗ್ಗಾಗಿ ಬಿಟ್ಟ ಒಡ್ಡು ಇದೆ. ಹೆಚ್ಚಾದ ನೀರು ಅದರ ಮೇಲೆ ಹರಿದು, ಮರಳನ್ನೂ ಹೊತ್ತು ಹೊರಗವಲಿಗೆ ಜಿಗಿಯುತ್ತದೆ. ಒಡ್ಡು ಕಟ್ಟಿದ್ದು ಬಿದಿರಿನ ಉದ್ದನೆಯ ಬುಟ್ಟಿಗಳಲ್ಲಿ ಕಲ್ಲು ತುಂಬಿ. ಬುಟ್ಟಿಯ ಸಂದುಗಳಲ್ಲಿ ನೀರು ನುಗ್ಗಿ ಹೋಗುತ್ತಿತ್ತು, ತಳ ಕೊರೆದರೆ ಬುಟ್ಟಿ ಸ್ವಲ್ಪ ಕುಸಿದು ಮತ್ತೆ ಕೂರುತ್ತಿತ್ತು. ಗಟ್ಟಿ ಗೋಡೆಯಾಗಿದ್ದರೆ ಬುಡ ಕೊರೆದು ಒಮ್ಮೆಗೇ ಉರುಳುತ್ತಿತ್ತು.

ಇಡೀ ವ್ಯವಸ್ಥೆಯ ನಿರ್ವಹಣೆಗೆ ಅಲ್ಲಿಯ ದೇವಸ್ಥಾನದಲ್ಲಿ ಆರೇ ಅಕ್ಷರಗಳ ಸೂತ್ರ ಕೆತ್ತಿದ್ದಾರೆ: ಹೂಳನ್ನು ಆಳಕ್ಕೆ ತೋಡು, ಒಡ್ಡನ್ನು ತಗ್ಗಿಗೆ ಕಟ್ಟು. ಹೂಳೆತ್ತುತ್ತಿದ್ದದ್ದು ಚಳಿಗಾಲದಲ್ಲಿ, ನದಿ ಅತಿ ತಗ್ಗಿರುವಾಗ. ಮೂರು ಕಾಲಿನ ಮರದ ಚೌಕಟ್ಟುಗಳನ್ನು ನಿಲ್ಲಿಸಿ ಕವಲನ್ನು ತಾತ್ಕಾಲಿಕವಾಗಿ ಮುಚ್ಚಿ, ತಳ ತೋಡಿ, ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ಮತ್ತೆ ನೀರು ಬಿಡುತ್ತಿದ್ದರು. ಎಷ್ಟು ತೋಡಬೇಕು ಎನ್ನುವುದಕ್ಕೂ ಗುರುತಿದೆ. ತಳದಲ್ಲಿ ಕಬ್ಬಿಣದ ತೊಲೆಗಳನ್ನು ಹೂತಿಟ್ಟಿದ್ದಾರೆ. ಗುದ್ದಲಿಗೆ ಕಬ್ಬಿಣ ತಾಗಿದರೆ ನಿಲ್ಲಿಸಬೇಕು. ಅದಕ್ಕಿಂತ ಕಡಿಮೆ ತೋಡಿದರೆ ಹೊಲಕ್ಕೆ ನೀರು ಸಾಲದು, ಹೆಚ್ಚು ತೋಡಿದರೆ ಮಳೆಗಾಲದಲ್ಲಿ ನೀರು ಹೆಚ್ಚಾಗಿ ಊರಿಗೇ ನುಗ್ಗುತ್ತದೆ.

ಇದನ್ನು ಮನೆಗೆ ತಂದುಕೊಳ್ಳುವುದಕ್ಕೆ ಹೆಚ್ಚು ಕಲ್ಪನೆ ಬೇಕಿಲ್ಲ. ನಮ್ಮಲ್ಲಿ ಹೂಳೆತ್ತುವ ಕೆಲಸ ನಡೆಯುವುದು ಪ್ರವಾಹದ ಮಧ್ಯದಲ್ಲೇ. ಜಗಳ ಬಂದಾಗ ಮಾತ್ರ ಹಳೆಯದೆಲ್ಲ ಎತ್ತುತ್ತೇವೆ, ಜಗಳ ಇಲ್ಲದಾಗ ‘ಈಗ ಯಾಕೆ ಸುಮ್ಮನೆ’ ಎಂದು ಮುಚ್ಚಿಡುತ್ತೇವೆ. ಮಾಡಬೇಕಾದ್ದು ಇದರ ವಿರುದ್ಧ. ತಿಂಗಳಿಗೊಮ್ಮೆ, ಇಬ್ಬರೂ ಉಂಡು ತಣ್ಣಗಿರುವ ಹೊತ್ತು, ಅರ್ಧ ಗಂಟೆ. ಭಾನುವಾರ ಬೆಳಗಿನ ತಿಂಡಿಯ ನಂತರದ ಹೊತ್ತು ಸಾಮಾನ್ಯವಾಗಿ ಒದಗುತ್ತದೆ. ರಾತ್ರಿ ಹತ್ತರ ನಂತರ, ಹಸಿದಾಗ, ನೆಂಟರ ಮನೆಗೆ ಹೊರಟ ಕಾರಿನಲ್ಲಿ ಖಂಡಿತ ಬೇಡ. ಒಂದೇ ವಿಷಯ. ಮತ್ತು ಕಬ್ಬಿಣದ ತೊಲೆ ಎಲ್ಲಿದೆ ಎಂದು ಮೊದಲೇ ಮಾತಾಗಿರಬೇಕು: ಈ ತಿಂಗಳದ್ದು ಮಾತ್ರ. ಈ ಮಾತುಕತೆಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಗ್ಯಾಸ್ ಬುಕ್ ಮಾಡಲು ಮರೆತದ್ದರಿಂದ ಶುರುವಾಗಿ, ಹತ್ತು ನಿಮಿಷದಲ್ಲಿ ಮದುವೆಯಲ್ಲಿ ಬೀಗರಿಗೆ ಮರ್ಯಾದೆ ಸಾಲದಾದ ಕಥೆಗೆ ಇಳಿದುಬಿಡುತ್ತದೆ. ಒಬ್ಬರು ಹಾಗೆ ಇಳಿದಾಗ ಇನ್ನೊಬ್ಬರು ‘ಅದು ಇನ್ನೊಂದು ದಿನ’ ಎಂದು ನಿಲ್ಲಿಸುವ ಹಕ್ಕು ಇಬ್ಬರಿಗೂ ಇರಬೇಕು. ಆ ಇನ್ನೊಂದು ದಿನ ಬರಲೂ ಬೇಕು ಅನ್ನಿ.

ಒಡ್ಡು ತಗ್ಗಿರಬೇಕು ಎನ್ನುವುದು ಮನೆಯ ನಿಯಮಗಳಿಗೆ ಸಲ್ಲುವ ಮಾತು. ‘ಊಟದ ಹೊತ್ತಲ್ಲಿ ಯಾರೂ ಫೋನ್ ಮುಟ್ಟಕೂಡದು’ ಎಂಬ ಎತ್ತರದ ಗೋಡೆ ಕಟ್ಟಿದರೆ ಮೂರನೇ ದಿನ ಅಪ್ಪನಿಗೇ ಆಫೀಸಿನ ಕರೆ ಬರುತ್ತದೆ, ಅಪ್ಪ ಎತ್ತುತ್ತಾನೆ, ಮಗಳು ನೋಡುತ್ತಾಳೆ, ಗೋಡೆ ಬಿತ್ತು. ಫೋನುಗಳೆಲ್ಲ ಹಾಲ್‌ನಲ್ಲಿ ಚಾರ್ಜಿಗೆ ಇರಲಿ, ಕರೆ ಬಂದರೆ ಎದ್ದು ಅಲ್ಲೇ ನಿಂತು ಮಾತಾಡಿ ಬರಲಿ ಎಂದರೆ ನಿಯಮಕ್ಕೆ ಮೇಲೆ ಹರಿಯಲು ಜಾಗವಿದೆ. ತುರ್ತು ಕರೆ ಹರಿದು ಹೋಯಿತು, ಒಡ್ಡು ನಿಂತಿತು. ಪಿಯುಸಿ ಓದುವ ಮಗನಿಗೆ ‘ಏಳು ಗಂಟೆ ಅಂದರೆ ಏಳು ಗಂಟೆ’ ಎಂದವರು ಏಳೂ ಹತ್ತಕ್ಕೆ ಏನು ಮಾಡುತ್ತಾರೆ? ಬೈಯಲೇಬೇಕು, ಇಲ್ಲವೇ ಮಾತು ನುಂಗಬೇಕು. ‘ಏಳಕ್ಕೆ ಬಾ, ತಡವಾದರೆ ಏಳಕ್ಕೆ ಮೊದಲು ಒಂದು ಮೆಸೇಜ್ ಹಾಕು’ ಎಂಬುದು ಬಿದಿರು ಬುಟ್ಟಿ.

ಆ ಅರವತ್ತು-ನಲವತ್ತರ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಸಿಟ್ಟು, ದುಃಖ ಉಕ್ಕಿ ಬಂದಾಗ ಅದರ ದೊಡ್ಡ ಪಾಲು ಹೊರಗವಲಿಗೆ ಹೋಗಬೇಕು: ಅಕ್ಕನ ಹತ್ತಿರ, ಹಳೆಯ ಗೆಳತಿಯ ಹತ್ತಿರ, ನಾಲ್ಕು ಕಿಲೋಮೀಟರ್ ನಡಿಗೆಗೆ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಬಿಟ್ಟರೆ ಬೇರಾರೂ ಇಲ್ಲದ ಮನೆಗಳು ಮಳೆಗಾಲದಲ್ಲಿ ಒಡೆಯುತ್ತವೆ. ಕೆಲಸಕ್ಕೆಂದು ದೂರದ ಊರಿಗೆ, ದೇಶಕ್ಕೆ ಹೋದ ಜೋಡಿಗಳಲ್ಲಿ ಇದು ಎದ್ದು ಕಾಣುತ್ತದೆ. ಹಾಗೆಂದು ಬರಗಾಲದಲ್ಲಿ, ಕೆಲಸ ಹೋದಾಗ, ಕಾಯಿಲೆ ಬಿದ್ದಾಗ, ಹೊರಗವಲಿಗೇ ಹೆಚ್ಚು ನೀರು ಬಿಟ್ಟು ಗೆಳೆಯರೊಡನೆ ಕಾಲ ಕಳೆಯುವುದೂ ತಪ್ಪು ಲೆಕ್ಕವೇ. ಆಗ ಇದ್ದದ್ದು ಒಳಗೆ ಬರಬೇಕು.

ದೂರದ ದೇಶದ ಮಾತು ಬಂತು. ಚುವಾಂಗ್‌ತ್ಸು ಗ್ರಂಥದ 18ನೇ ಅಧ್ಯಾಯದಲ್ಲಿ ಲು ರಾಜ್ಯಕ್ಕೆ ಒಂದು ಕಡಲ ಹಕ್ಕಿ ಬಂದಿಳಿಯುತ್ತದೆ. ದೊರೆ ಅದನ್ನು ದೇವಸ್ಥಾನಕ್ಕೆ ಕರೆತಂದು ಮದ್ಯ ಕೊಡುತ್ತಾನೆ, ಆಸ್ಥಾನ ಸಂಗೀತ ನುಡಿಸುತ್ತಾನೆ, ಬಲಿಯ ಮಾಂಸ ಬಡಿಸುತ್ತಾನೆ. ಹಕ್ಕಿ ಒಂದು ತುಂಡು ತಿನ್ನದೆ, ಒಂದು ಗುಟುಕು ಕುಡಿಯದೆ ಮೂರನೇ ದಿನ ಸಾಯುತ್ತದೆ. ದೊರೆ ತನ್ನನ್ನು ಸಾಕುವ ಹಾಗೆ ಹಕ್ಕಿಯನ್ನು ಸಾಕಿದ. ನ್ಯೂಜೆರ್ಸಿಗೋ ಡಲ್ಲಾಸ್‌ಗೋ ಆರು ತಿಂಗಳಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡವರು ಈ ಹಕ್ಕಿಯನ್ನು ತಕ್ಷಣ ಗುರುತು ಹಿಡಿಯುತ್ತಾರೆ. ನಯಾಗರ, ಲಾಸ್ ವೇಗಸ್, ದೊಡ್ಡ ಟಿವಿ, ಮೆತ್ತನೆ ಹಾಸಿಗೆ ಎಲ್ಲ ಇದೆ. ಅಪ್ಪನಿಗೆ ಬೇಕಾದದ್ದು ಬೆಳಗ್ಗೆ ಒಬ್ಬನೇ ನಡೆದುಹೋಗಿ ಏನಾದರೂ ಕೊಂಡು ತರಲು ಒಂದು ಅಂಗಡಿ, ಅಮ್ಮನಿಗೆ ಯಾರನ್ನೂ ಕೇಳದೆ ಹಚ್ಚಬಹುದಾದ ಒಲೆ. ಟಿಕೆಟ್ ಮಾಡುವ ಮುಂಚೆ ಪ್ರವಾಸದ ಪಟ್ಟಿ ಬಿಟ್ಟು ಮೂರು ವಿಷಯ ನೋಡಿಕೊಂಡರೆ ಅರ್ಧ ಕೆಲಸ ಆಯಿತು: ಕಾರಿಲ್ಲದೆ ತಲುಪುವಷ್ಟು ಹತ್ತಿರದ ಜಾಗ ಒಂದು, ಅವರೇ ಹಚ್ಚಲು ಬರುವ ಒಲೆ, ಕನ್ನಡ ಮಾತಾಡುವ ಇನ್ನೊಂದು ಹಿರಿಯ ಜೀವ.

ತಾವೋ ತೆ ಚಿಂಗ್‌ನ 60ನೇ ಅಧ್ಯಾಯದ ಸಣ್ಣ ಮೀನಿನ ಮಾತಿಗೆ ಕರಾವಳಿಯವರಿಗೆ ವ್ಯಾಖ್ಯಾನ ಬೇಡ. ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದಂತೆ ಎನ್ನುತ್ತದೆ ಅದು. ಕ್ರಿ.ಪೂ. 233ರಲ್ಲಿ ಸತ್ತ ಚಿಂತಕ ಹಾನ್ ಫೇ ಇದಕ್ಕೆ ಬರೆದ ಟೀಕೆ, ಪದೇ ಪದೇ ಕದಡಿದರೆ ಮೀನು ಹಾಳು, ಪದೇ ಪದೇ ಕಾನೂನು ಬದಲಿಸಿದರೆ ಜನ ಹಾಳು ಎಂದು. ಬೂತಾಯಿ ಸಾರಿಗೆ ಮೀನು ಬಿಟ್ಟ ಮೇಲೆ ಸೌಟು ಹಾಕುವವರಿಲ್ಲ, ಬಟ್ಟೆಯಲ್ಲಿ ಪಾತ್ರೆಯ ಬಾಯಿ ಹಿಡಿದು ಒಮ್ಮೆ ಅಲುಗಿಸುತ್ತಾರೆ ಅಷ್ಟೆ. ಟ್ಯೂಷನ್ ಈ ತಿಂಗಳು ಒಂದು ಕಡೆ, ಮುಂದಿನ ತಿಂಗಳು ಇನ್ನೊಂದು ಕಡೆ, ವೇಳಾಪಟ್ಟಿ ವಾರಕ್ಕೊಂದು ಎಂದು ಮಕ್ಕಳನ್ನು ಮಗುಚುವವರು, ತಂಡದ ಕೆಲಸದ ಕ್ರಮವನ್ನು ಪ್ರತಿ ಮೀಟಿಂಗಿನಲ್ಲೂ ಬದಲಿಸುವ ಮ್ಯಾನೇಜರುಗಳು ಸೌಟು ಕೆಳಗಿಡಲಿ. ಒಂದು ಬದಲಾವಣೆ ಮಾಡಿದರೆ ಒಂದು ಪರೀಕ್ಷೆಯೋ ಮೂರು ತಿಂಗಳೋ ಕಳೆಯುವವರೆಗೆ ಮತ್ತೆ ಮುಟ್ಟದಿದ್ದರೆ ಮಾತ್ರ ಅದು ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದು.

ಇಲ್ಲಿಗೆ ಒಂದು ಅನುಮಾನ ಬರಬೇಕು. ಕೈ ಕಟ್ಟಿ ಕೂರುವುದೇ ತಾವೋ ಏನು? ತಾವೋದ ವು ವೇ, ಅಂದರೆ ಬಲವಂತವಿಲ್ಲದೆ ಮಾಡುವುದು, ಎನ್ನುವುದನ್ನು ಸುಮ್ಮನಿರುವುದು ಎಂದು ತಿಳಿದವರು ಬಹಳ. ಚುವಾಂಗ್‌ತ್ಸು ಗ್ರಂಥದಲ್ಲಿ ಬರುವ ಅಡುಗೆಯವ ಡಿಂಗ್‌ನ ಕಥೆ ಓದಿದರೆ ಆ ಭ್ರಮೆ ಹೋಗುತ್ತದೆ, ಏಕೆಂದರೆ ಅವನ ಕೆಲಸವೇ ಕತ್ತರಿಸುವುದು. ಸಾಧಾರಣ ಅಡುಗೆಯವನು ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ, ಕೊಚ್ಚುತ್ತಾನೆ. ಒಳ್ಳೆಯವನು ವರ್ಷಕ್ಕೊಂದು. ಡಿಂಗ್‌ನ ಕತ್ತಿಗೆ 19 ವರ್ಷ, ಸಾವಿರಾರು ಎತ್ತು ಕಡಿದರೂ ಈಗ ತಾನೇ ಸಾಣೆ ಹಿಡಿದಂತಿದೆ. ಕೀಲಿನ ಸಂದು ಇದೆ, ಕತ್ತಿಯ ಅಲಗಿಗೆ ದಪ್ಪವೇ ಇಲ್ಲ, ಹಾಗಾಗಿ ಜಾಗ ಬೇಕಾದಷ್ಟಿದೆ ಎನ್ನುತ್ತಾನೆ. ಆದರೂ ಗಂಟು ಬಂದ ಕಡೆ ಅವನು ಹೆದರುತ್ತಾನೆ. ಕಣ್ಣು ನೆಟ್ಟು, ಕೈ ನಿಧಾನಿಸಿ, ಕತ್ತಿಯನ್ನು ಕೂದಲೆಳೆಯಷ್ಟು ಆಡಿಸುತ್ತಾನೆ, ಆಗ ಮಣ್ಣ ಹೆಂಟೆ ಕುಸಿದಂತೆ ಮಾಂಸ ಬಿಡಿಸಿಕೊಳ್ಳುತ್ತದೆ.

ಎಪ್ಪತ್ತೆಂಟರ ಅಪ್ಪ ಇನ್ನೂ ಸ್ಕೂಟರ್ ಓಡಿಸುತ್ತಾರೆ, ನಿಲ್ಲಿಸಬೇಕು. ‘ಅಪ್ಪಾ, ನಿಮಗೆ ವಯಸ್ಸಾಯ್ತು, ಕೀ ಕೊಡಿ’ ಎಂದರೆ ಕತ್ತಿ ನೇರ ಮೂಳೆಗೆ. ಮೂಳೆ ಯಾವುದು? ಅವರ ಮಾನ, ಯಾರ ಹಂಗಿಲ್ಲದೆ ಬ್ಯಾಂಕಿಗೆ ಹೋಗಿಬರುವ ಸ್ವಾತಂತ್ರ್ಯ. ಸಂದು ಯಾವುದು? ಅವರೇ ಒಪ್ಪಿಕೊಳ್ಳುವ ಕಷ್ಟ. ‘ರಾತ್ರಿ ಎದುರಿಂದ ಬರೋ ಲೈಟು ಕಣ್ಣಿಗೆ ಹೊಡೆಯುತ್ತಾ ಅಪ್ಪಾ?’ ಎಂದು ಕೇಳಿದರೆ ‘ಹೂಂ ಕಣೋ, ಈ ಎಲ್‌ಇಡಿಗಳು ಬಂದ ಮೇಲೆ ಏನೂ ಕಾಣಲ್ಲ’ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. ಅಲ್ಲಿಂದ ರಾತ್ರಿಯ ಸವಾರಿ ನಿಲ್ಲುತ್ತದೆ, ಕಣ್ಣಿನ ತಪಾಸಣೆಗೆ ದಾರಿಯಾಗುತ್ತದೆ, ಒಂದೆರಡು ತಿಂಗಳಿಗೆ ಮುಖ್ಯರಸ್ತೆ ಬಿಡುವ ಮಾತು. ಅಷ್ಟರಲ್ಲಿ ನಂಬಿಕೆಯ ಆಟೋದವರೊಬ್ಬರ ನಂಬರು ಅವರದೇ ಫೋನಿನಲ್ಲಿ ಇರಬೇಕು, ಮಗನ ಫೋನಿನಲ್ಲಲ್ಲ. ಕೆಡುವುದು ಅವಸರದಿಂದ: ಮೊದಲ ‘ಹೂಂ’ ಸಿಕ್ಕ ಕೂಡಲೇ ‘ಹಾಗಾದರೆ ಮಾರಿಬಿಡೋಣ’ ಎನ್ನುವುದು. ಗಂಟಿನ ಹತ್ತಿರ ಬಂದಾಗ ಜೋರು ಮಾಡಿದಂತೆ.

ಮೌನವನ್ನೇ ಆಯುಧ ಮಾಡಿಕೊಂಡು ‘ನಾನು ಪ್ರತಿಕ್ರಿಯಿಸುವುದಿಲ್ಲ’ ಎಂದು ವಾರಗಟ್ಟಲೆ ಮಾತು ಬಿಡುವವರಿಗೂ ಲಾವೋತ್ಸುವಿಗೂ ಸಂಬಂಧವಿಲ್ಲ. 63ನೇ ಅಧ್ಯಾಯ ಕಷ್ಟದ ಕೆಲಸವನ್ನು ಅದು ಸುಲಭವಿರುವಾಗಲೇ ಮಾಡು ಎನ್ನುತ್ತದೆ, ಅಂದರೆ ಬೇಗ ಮಾಡು ಎಂದೇ ಅರ್ಥ. ಇನ್ನು ಹೊಡೆತ ಬಡಿತ ಇರುವ ಮನೆಯಲ್ಲಿ ನೀರಿನ ಹಾಗಿರು, ಬಾಗು ಎಂದು ಯಾರಾದರೂ ಉಪದೇಶಿಸಿದರೆ ಕಿವಿಗೊಡಬಾರದು. ಅಲ್ಲಿ ಮೊದಲು ಹೊರಬರಬೇಕು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು. ಯಾನ್ ಹೆಗೆ ಹೇಳಿದ ಮಾತಿನಲ್ಲೇ ಹುಲಿಯ ಉದಾಹರಣೆಯೂ ಇದೆ: ಹುಲಿ ಸಾಕುವವನು ಅದರ ಹಸಿವು, ಸಿಟ್ಟು ಎರಡನ್ನೂ ತಿಳಿದಿರಬೇಕು. ಹುಲಿಯ ಬೋನಿನಲ್ಲೇ ಸಂಸಾರ ಮಾಡು ಎಂದು ಅದು ಹೇಳುವುದಿಲ್ಲ.

ಕೊನೆಗೆ ದುಡ್ಡಿನ ಮಾತು, ಅಣ್ಣ ತಮ್ಮಂದಿರ ನಡುವೆ ಕದಡುವುದು ಹೆಚ್ಚಾಗಿ ಅದೇ ಆದ್ದರಿಂದ. ತಾವೋ ತೆ ಚಿಂಗ್‌ನ 79ನೇ ಅಧ್ಯಾಯ ನಿಷ್ಠುರವಾಗಿ ಶುರುವಾಗುತ್ತದೆ: ದೊಡ್ಡ ವೈರವನ್ನು ರಾಜಿ ಮಾಡಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ, ಅದನ್ನು ಒಳ್ಳೆಯದೆನ್ನುವುದು ಹೇಗೆ? ಆದ್ದರಿಂದ ಜ್ಞಾನಿ ಕರಾರಿನ ಎಡ ಭಾಗ ಹಿಡಿದಿರುತ್ತಾನೆ, ಆದರೆ ಪೀಡಿಸುವುದಿಲ್ಲ. ಆಗ ಸಾಲದ ಕರಾರನ್ನು ಪಟ್ಟಿಯ ಮೇಲೆ ಬರೆದು ಎರಡಾಗಿ ಸೀಳುತ್ತಿದ್ದರು, ಎಡ ಭಾಗ ಕೊಟ್ಟವನ ಹತ್ತಿರ ಇರುತ್ತಿತ್ತು. ಪಟ್ಟಿಯನ್ನು ಒಲೆಗೆ ಹಾಕು ಎಂದು ಲಾವೋತ್ಸು ಹೇಳಲಿಲ್ಲ.

ನಮ್ಮಲ್ಲಿ ನಡೆಯುವುದು ಎರಡೂ ತುದಿ. ತಮ್ಮನ ಹತ್ತಿರ ಬರೆಸಿಕೊಳ್ಳುವುದು ಹೇಗೆ ಎಂದು ಸಂಕೋಚದಿಂದ ಬರೆಸುವುದಿಲ್ಲ, ಎರಡು ವರ್ಷದ ಮೇಲೆ ಒಬ್ಬನ ನೆನಪಿನಲ್ಲಿ ಎರಡು ಲಕ್ಷ, ಇನ್ನೊಬ್ಬನದರಲ್ಲಿ ಒಂದೂವರೆ. ಆಮೇಲೆ ಬಡ್ಡಿಯನ್ನು ಚುಚ್ಚುಮಾತಿನಲ್ಲಿ, ನಾಮಕರಣದ ಪಂಕ್ತಿಯಲ್ಲಿ, ಹೆಂಡತಿಯ ಬಾಯಿಂದ ವಸೂಲಿ ಮಾಡುತ್ತೇವೆ. ಹಿಂತಿರುಗದಿದ್ದರೂ ಗೌರಿಹಬ್ಬಕ್ಕೆ ಅವನ ಮನೆಗೆ ಹೋಗಬಲ್ಲೆ ಅನ್ನಿಸುವಷ್ಟೇ ಕೊಡಬೇಕು. ಕೊಟ್ಟ ದಿನವೇ ಬ್ಯಾಂಕ್ ಮೂಲಕ ಕೊಟ್ಟು, ಮೊತ್ತ, ತಾರೀಖು, ಯಾವಾಗಿನಿಂದ ಎಷ್ಟೆಷ್ಟು ಎಂದು ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಮಾಡಬೇಕು. ಹೇಳಿದ ತಾರೀಖಿಗೆ, ಒಬ್ಬನೇ ಇರುವಾಗ, ಒಮ್ಮೆ ಕೇಳಬೇಕು. ‘ಯಾವಾಗ ಕೊಡ್ತೀಯ?’ ಎನ್ನುವುದಕ್ಕೆ ಸುಳ್ಳೊಂದೇ ಉತ್ತರ, ‘ಈ ತಿಂಗಳು ಎಷ್ಟು ಆಗುತ್ತೆ?’ ಎನ್ನುವುದಕ್ಕೆ ಐದು ಸಾವಿರವಾದರೂ ಉತ್ತರ ಇರುತ್ತದೆ. ಪೀಡಿಸದೆ ಎಡ ಭಾಗ ಹಿಡಿದಿರುವವರು ಇಷ್ಟನ್ನು ತಿಳಿದಿರಬೇಕು: ಭಾರತದ ಕಾಲಮಿತಿ ಕಾಯ್ದೆಯ ಪ್ರಕಾರ ಕೈಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಗಡುವು. ಅದು ಮುಗಿಯುವ ಮುಂಚೆ ‘ಇಷ್ಟು ಬಾಕಿ ಇದೆ’ ಎಂದು ತಮ್ಮ ಒಂದು ಸಾಲು ಬರೆದು ಸಹಿ ಹಾಕಿದರೆ ಅಲ್ಲಿಂದ ಮತ್ತೆ ಹೊಸದಾಗಿ ಮೂರು ವರ್ಷ.